ಹೊಂಕವಾರದ ಏರಿನಲ್ಲಿ ನಿಲ್ಲುತ್ತಿದ್ದ ಕಾರು

ಲೆಂಪಿಯ ಕೈಯಲ್ಲಿ ಕಾರು ಮೊದಲ ಸಲ ನಿಂತದ್ದು ಮೇ ತಿಂಗಳಲ್ಲಿ, ಸರೋವರದ ಮೇಲಿನ ಹಿಮಗಡ್ಡೆ ಒಡೆದ ವಾರ. ಹೊಂಕವಾರದ ಉದ್ದ ಏರು ಹತ್ತಿ ಮುಗಿಸಿದೊಡನೆ, ಬಸ್ಸು ನಿಲ್ಲಲೆಂದು ರಸ್ತೆ ಅಗಲ ಮಾಡಿದ ಜಾಗದಲ್ಲಿ, ಕೆಮ್ಮದೆ ನಡುಗದೆ, ದೀಪ ಆರಿದ ಹಾಗೆ ಎಂಜಿನ್ ಆರಿಹೋಯಿತು. ಎಂಟು ತಿಂಗಳ ಹಿಂದೆ ಅವಳ ಗಂಡ ತೈಸ್ತೊ ತೀರಿಕೊಂಡದ್ದು ಅದೇ ಕಾರಿನಲ್ಲಿ, ಅದೇ ಜಾಗದಲ್ಲಿ.

ನಾನು ಸೈಮಿ. ಲೆಂಪಿಯೂ ನಾನೂ ಶಾಲೆಯ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಒಟ್ಟಿಗೆ ದುಡಿದವರು. ಲೆಂಪಿ ಗಿಡ್ಡ ಆಳು, ಆದರೆ ಮಣಿಕಟ್ಟು ಮರ ಕಡಿಯುವವರದು. ನಲವತ್ತು ಲೀಟರಿನ ಸಾರಿನ ಪಾತ್ರೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ಒಮ್ಮೆ ಆಲೂಗಡ್ಡೆ ಸಿಪ್ಪೆ ಸುಲಿಯುವ ಯಂತ್ರ ಕೆಟ್ಟಿತು. ಪುರಸಭೆಯವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದು ಹತ್ತು ದಿನ ಸತಾಯಿಸಿದರು. ಹನ್ನೊಂದನೆಯ ದಿನ ಲೆಂಪಿ ಯಂತ್ರವನ್ನು ನೆಲದ ಮೇಲೆ ಮಲಗಿಸಿ, ಬಿಚ್ಚಿದ ತಿರುಪುಗಳನ್ನು ಮಫಿನ್ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟು, ಮಕ್ಕಳ ಊಟದ ಹೊತ್ತಿಗೆ ಸರಿ ಮಾಡಿದ್ದಳು. ಕೈಯಿಂದ ಬಿಚ್ಚಿ ನೋಡದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ.

ತೈಸ್ತೊ ಮೊದಲು ಮರ ಕಡಿಯುತ್ತಿದ್ದ, ಆಮೇಲೆ ರಸ್ತೆಯ ಹಿಮ ತಳ್ಳುವ ಯಂತ್ರ ಓಡಿಸುತ್ತಿದ್ದ. ಮಾತು ಕಡಿಮೆ. ಅವನು ಬಾಯಿಬಿಟ್ಟರೆ ನಾಯಿ ಕೂಡ ತಲೆ ಎತ್ತಿ ನೋಡುತ್ತದೆ ಎಂದು ಲೆಂಪಿ ನಗುತ್ತಿದ್ದಳು.

ಅವನು ಸತ್ತದ್ದು ಸೆಪ್ಟೆಂಬರಿನ ಒಂದು ಗುರುವಾರ. ಗುರುವಾರ ಶಾಲೆಯಲ್ಲಿ ಬಟಾಣಿ ಸಾರು, ಅದಾದ ಮೇಲೆ ಜಾಮ್ ಸವರಿದ ಪ್ಯಾನ್‌ಕೇಕ್. ನೂರನಲವತ್ತು ಮಕ್ಕಳು. ಇವತ್ತು ಮನೆಯಲ್ಲೇ ಇದ್ದು ಬಾವಿಯ ಪಂಪ್ ನೋಡುತ್ತೇನೆ ಎಂದು ತೈಸ್ತೊ ಬೆಳಿಗ್ಗೆ ಹೇಳಿದ್ದ. ಮಧ್ಯಾಹ್ನ ಹನ್ನೆರಡೂವರೆಗೆ ಹಾಲಿನ ಟ್ಯಾಂಕರ್ ಓಡಿಸುವವನು ಹೊಂಕವಾರದ ಏರಿನ ಮೇಲೆ ಅವನ ಕಾರನ್ನು ನೋಡಿದ. ನಾಲ್ಕೂ ಮೂಲೆಯ ದೀಪಗಳು ಸೋತು ಸೋತು ಮಿಟುಕುತ್ತಿದ್ದವು. ತೈಸ್ತೊ ಕಿಟಕಿಗೆ ತಲೆಯಾನಿಸಿ ಕೂತಿದ್ದ. ಹೃದಯಾಘಾತ, ಅದೂ ಒಂದೇ ಏಟಿಗೆ ಆದದ್ದಲ್ಲ, ಒಂದು ಗಂಟೆಯಾದರೂ ನೋವು ಇದ್ದಿರಬಹುದು ಎಂದರು ಡಾಕ್ಟರು. ಲೆಂಪಿಯ ಮೊಬೈಲಿನಲ್ಲಿ ಅವನ ಎರಡು ಕರೆಗಳಿದ್ದವು. ಹನ್ನೊಂದು ಹತ್ತಕ್ಕೆ ಒಂದು, ಹನ್ನೊಂದು ಇಪ್ಪತ್ತೈದಕ್ಕೆ ಇನ್ನೊಂದು. ಮೊಬೈಲು ಅವಳ ಕೋಟಿನ ಜೇಬಿನಲ್ಲಿ, ಕೋಟು ಬಟ್ಟೆ ಬದಲಿಸುವ ಕೋಣೆಯ ಗೂಟದಲ್ಲಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಕರೆಗಳು ನನಗೆ ಕೇಳಿಸಿದ್ದವು. ಒಗೆದ ಏಪ್ರನ್ ತರಲೆಂದು ಆ ಕೋಣೆಗೆ ಹೋದಾಗ ಲೆಂಪಿಯ ಕೋಟು ಗೋಡೆಗೆ ತಾಗಿಕೊಂಡು ಗುರ್ ಗುರ್ ಎನ್ನುತ್ತಿತ್ತು. ಆಮೇಲೆ ಇನ್ನೊಮ್ಮೆ ಹೋದಾಗ ಮತ್ತೆ ಗುರ್ ಎಂದಿತು, ಈ ಸಲ ಬಹಳ ಹೊತ್ತು. ಮಕ್ಕಳ ಎರಡನೇ ಪಂಕ್ತಿ ಕೂತಿತ್ತು, ಪ್ಯಾನ್‌ಕೇಕ್ ಸೀಯುತ್ತಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಬಾಗಿಲು ಎಳೆದುಕೊಂಡು ಬಂದೆ. ಆ ‘ಆಮೇಲೆ’ ಬರಲೇ ಇಲ್ಲ.

ಗಂಡ ಸತ್ತ ಮೇಲೆ ಲೆಂಪಿ ಕಾರಿಗೆ ಬಟ್ಟೆ ಹೊದಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದಳು. ಚಳಿಗಾಲವೆಲ್ಲ ಬಸ್ಸಿನಲ್ಲಿ ಓಡಾಡಿದಳು. ವಸಂತಕ್ಕೆ ಬಸ್ಸು ವಾರಕ್ಕೆರಡೇ ದಿನ ಎಂದಾಯಿತು. ಅವಳ ಮನೆಯಿಂದ ಶಾಲೆಗೆ ಹದಿನೆಂಟು ಕಿಲೋಮೀಟರು. ಬೇರೆ ದಾರಿ ಇರಲಿಲ್ಲ, ಬಟ್ಟೆ ಸರಿಸಿದಳು. ಕೆಂಪು ಬಣ್ಣದ, ಹದಿಮೂರು ವರ್ಷ ಹಳೆಯ, ಹಿಂಭಾಗ ಉದ್ದವಾಗಿದ್ದ ಕಾರು. ಅದು ಹನ್ನೆರಡನೆಯ ಕಿಲೋಮೀಟರಿನಲ್ಲಿ ಏರು ಮುಗಿಸಿ ನಿಂತಿತು. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದಾಗ ಏನೂ ಆಗಿಲ್ಲವೆಂಬಂತೆ ಹೊರಟಿತು.

ಜೂನ್ ಮುಗಿಯುವುದರೊಳಗೆ ಹೀಗೆ ಆರು ಸಲ ಆಯಿತು. ಪ್ರತಿ ಸಲವೂ ಅಲ್ಲೇ, ಹತ್ತು ಮಾರು ಹಿಂದೆ ಅಥವಾ ಮುಂದೆ. ಊರಿನ ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಬದಲಿಸಿದ, ಆಮೇಲೂ ನಿಂತಿತು. ಊರ ಬಾಯಿಗೆ ಇನ್ನೇನು ಬೇಕು? ಒಂದು ದಿನ ಅಂಗಡಿಯ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವರು ಪಿಸುಗುಟ್ಟಿದ್ದು ನಮಗೆ ಕೇಳಿತು.

"ತೈಸ್ತೊ ಇನ್ನೂ ಆ ಕಾರಿಂದ ಇಳ್ದಿಲ್ಲ ಅಂತ ಕಾಣುತ್ತೆ."

ಲೆಂಪಿ ಹಾಲಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ತಿರುಗಿದಳು. "ಇಳ್ದಿಲ್ಲ ಅಂದ್ರೆ ಪೆಟ್ರೋಲಿಗೆ ಅರ್ಧ ಹಾಕು ಅಂತ ಹೇಳ್ರಪ್ಪ ಅವನಿಗೆ. ಪುಕ್ಸಟ್ಟೆ ಎಷ್ಟು ದಿನ ಕೂರ್ತಾನೆ?"

ಎಲ್ಲರೂ ನೆಲ ನೋಡಿದರು. ಹೊರಗೆ ಬಂದ ಮೇಲೆ ಅವಳ ಚೀಲ ನಾನು ಹಿಡಿದುಕೊಂಡೆ.

"ದೆವ್ವ ಗಿವ್ವ ಏನಿಲ್ಲ ಕಣೇ," ಎಂದಳು. "ಆದ್ರೆ ಕಾರು ನಿಂತ ಮೇಲೆ ಎಂಜಿನ್ ತಣ್ಣಗಾಗ್ತಾ ಟಿಕ್, ಟಿಕ್ ಅನ್ನುತ್ತೆ. ಮೊದ್ಲು ಬೇಗ ಬೇಗ, ಆಮೇಲೆ ನಿಧಾನ. ಅವನು ಕೊನೇಗೆ ಕೇಳ್ಸ್ಕೊಂಡಿದ್ದು ಇದೇ ಸದ್ದಾ ಅನ್ಸುತ್ತೆ. ಅದು ಪೂರ್ತಿ ನಿಲ್ಲೋವರ್ಗೂ ನಂಗೆ ಕೆಳಗಿಳಿಯೋಕಾಗಲ್ಲ."

ಜುಲೈನಲ್ಲಿ ಏಳನೇ ಸಲ ನಿಂತಾಗ ನಾನೂ ಅವಳ ಜೊತೆಗಿದ್ದೆ. ಲೆಂಪಿ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿಗೆ ನೋಡುತ್ತ ಕೂತಳು. ನಾನು ಅವಳ ಪಕ್ಕ ಆ ಟಿಕ್ ಟಿಕ್ ಕೇಳುತ್ತ ಕೂತೆ. ಆಗ ಕೆಳಗಿನ ಕಾಲುದಾರಿಯಿಂದ ಒಬ್ಬ ಮುದುಕ ಹತ್ತಿ ಬಂದ. ಸರೋವರದ ದಂಡೆಯಲ್ಲಿ ಒಂಟಿಯಾಗಿ ಬಲೆ ಹಾಕಿಕೊಂಡಿದ್ದ ಏಲಿಸ್. ಕೈಯಲ್ಲಿ ಮೀನಿನ ಬಕೆಟ್.

"ಮತ್ತೆ ನಿಂತ್ಹೋಯ್ತಾ?" ಎಂದ.

"ಮತ್ತೆ ಅಂದ್ರೆ?" ಲೆಂಪಿ ಗಾಜು ಇಳಿಸಿದಳು. "ನಾನು ನಿಂತಾಗೆಲ್ಲ ನೋಡಿದೀರಾ?"

"ನೀವಲ್ಲಮ್ಮ, ನಿಮ್ಮನೆಯವ್ರು. ಹೋದ ಬೇಸಿಗೇಲಿ ಮೂರು ಸಲ ಆದ್ರೂ ನೋಡಿದೀನಿ. ಬಾನೆಟ್ ಎತ್ತಿಟ್ಟು, ಆ ಕಲ್ಲಿನ ಮೇಲೆ ಕೂತು ಪೈಪ್ ಸೇದ್ತಾ ಇರೋರು. ತಳ್ಳಬೇಕಾ ಅಂದ್ರೆ, ಬೇಡ, ತಣ್ಣಗಾದ್ರೆ ತಾನೇ ಹೊರಡುತ್ತೆ ಅನ್ನೋರು."

"ನಂಗೆ ಒಂದಿನಾನೂ ಹೇಳ್ಲಿಲ್ಲ."

"ಹೇಳೋಕೆ ಅದ್ರಲ್ಲೇನಿದೆ?"

ಲೆಂಪಿ ಕೇಳಿದಳು, "ಆ ಗುರುವಾರ ನೀವು ಮನೇಲಿದ್ರಾ?"

ಏಲಿಸ್ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದ. "ಇಲ್ಲಮ್ಮ. ಹಲ್ಲು ಕೀಳಿಸೋಕೆ ಕಯಾನಿ ಪೇಟೆಗೆ ಹೋಗಿದ್ದೆ. ಇದ್ದಿದ್ರೆ ಹತ್ತಿ ಬರ್ತಿದ್ದೆ." ಬಕೆಟ್ಟಿನಿಂದ ಎರಡು ಮೀನು ತೆಗೆದು ಹುಲ್ಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟು ಕೆಳಗಿಳಿದು ಹೋದ.

ಅವತ್ತು ಸಂಜೆ ಲೆಂಪಿ ಕೊಟ್ಟಿಗೆಯ ಕಪಾಟುಗಳನ್ನೆಲ್ಲ ಜಾಲಾಡಿದಳು. ಗಂಡನಿಗೆ ಕಾರಿನ ಕಾಯಿಲೆಯ ಮೂಲ ಗೊತ್ತಿತ್ತು ಎಂದಾದರೆ ಅವನು ಸುಮ್ಮನೆ ಕೂರುವವನಲ್ಲ ಎಂಬುದು ಅವಳ ಲೆಕ್ಕ. ಮೊಳೆ ಡಬ್ಬಿಗಳ ಹಿಂದೆ ಅಂಗೈಯಗಲದ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ನೇರ ನನ್ನ ಮನೆಗೆ ಬಂದಳು, ಕಾರಿನಲ್ಲಲ್ಲ, ಸೈಕಲ್ಲಿನಲ್ಲಿ. ನನ್ನ ಮನೆ ಅವಳ ಮನೆಗೆ ಎರಡೇ ಮೈಲು.

ಪೆಟ್ಟಿಗೆಯೊಳಗೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ದಪ್ಪದ ಕಪ್ಪು ತುಂಡು, ಅದಕ್ಕೊಂದು ಮೊಳದುದ್ದದ ತಂತಿ, ತುದಿಯಲ್ಲಿ ಪ್ಲಗ್ಗು. ಅಂಗಡಿಯ ಚೀಟಿಯಲ್ಲಿದ್ದ ತಾರೀಖು ತೈಸ್ತೊ ಸತ್ತ ವಾರದ ಸೋಮವಾರದ್ದು. ಪೆಟ್ಟಿಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಅವನ ಕೈಬರಹ: ಶನಿವಾರ.

"ಏನಿದು?" ಎಂದೆ.

"ಸೆನ್ಸರ್ರು. ಕ್ರ್ಯಾಂಕ್ ಸೆನ್ಸರ್ ಅಂತ ಚೀಟೀಲಿದೆ. ಎಂಜಿನ್ ತಿರುಗ್ತಾ ಇದೆ ಅಂತ ಕಾರಿಗೆ ಹೇಳೋದೇ ಇದು. ಹಳೇದಾದ್ರೆ ಬಿಸಿಗೆ ಒಳಗೆ ತಂತಿ ಬಿಟ್ಕೊಳುತ್ತಂತೆ. ಇದು ಸುಮ್ಮನಾದ್ರೆ ಕಾರೂ ಸುಮ್ಮನಾಗುತ್ತೆ. ತಣ್ಣಗಾದ್ರೆ ಮತ್ತೆ ತಂತಿ ಕೂಡ್ಕೊಳುತ್ತೆ. ಅಂಗಡಿಗೆ ಫೋನ್ ಮಾಡಿ ಕೇಳ್ದೆ."

"ಹಾಗಾದ್ರೆ ಆ ಜಾಗದ ದೋಷ ಅಲ್ಲ."

"ಏರು ಹತ್ತಿದ್ರೆ ಎಂಜಿನ್ ಕಾಯುತ್ತೆ. ಅಷ್ಟೇ. ನಮ್ಮನೆಯಿಂದ ಹೊರಟ್ರೆ ಕಾಯೋದು ಅಲ್ಲಿಗೇ."

ಭಾರ ಇಳಿಯಿತು, ದೆವ್ವ ಬಿಟ್ಟಿತು ಎಂದು ನಾನು ಒಂದು ಕ್ಷಣ ಅಂದುಕೊಂಡೆ. ಆದರೆ ಲೆಂಪಿ ಪೆಟ್ಟಿಗೆಯ ಮೇಲಿನ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು.

"ಇಷ್ಟು ದಿನ ಏನಂದ್ಕೊಂಡಿದ್ದೆ ಗೊತ್ತಾ? ಡಾಕ್ಟರ ಹತ್ರ ಹೊರಟಿದ್ದ, ದಾರೀಲಿ ನೋವು ಜಾಸ್ತಿಯಾಯ್ತು, ತಾನೇ ಕಾರು ನಿಲ್ಲಿಸ್ದ ಅಂತ. ಈಗ ಗೊತ್ತಾಯ್ತಲ್ಲ. ಅವನು ನಿಲ್ಲಿಸ್ಲಿಲ್ಲ, ಕಾರೇ ನಿಲ್ತು. ಆರೇ ಆರು ಕಿಲೋಮೀಟರ್ ಇತ್ತು ಕಣೇ ಆಸ್ಪತ್ರೆಗೆ. ತಣ್ಣಗಾಗ್ಲಿ ಅಂತ ಕಾಯ್ತಾ ಕೂತಿದಾನೆ."

"ಲೆಂಪಿ..."

"ಸೋಮವಾರ ಸಂಜೆ ಹೇಳ್ದ, ಕಾರಿಂದು ಒಂದು ಕೆಲಸ ಇದೆ, ನಾಳೆ ಮಾಡ್ತೀನಿ ಅಂತ. ನಾನು, ಓಡ್ತಾ ಇರೋ ಕಾರಿಗೆ ಏನವಸರ, ಮೊದ್ಲು ಬಾವಿ ಪಂಪ್ ಮುಗ್ಸು ಅಂದೆ. ಅದಕ್ಕೇ ಶನಿವಾರ ಅಂತ ಬರೆದಿಟ್ಟ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ತನ್ನ ತಪ್ಪನ್ನು ಪೆಟ್ಟಿಗೆಯ ಸಮೇತ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಳು. ನನ್ನದು ಇನ್ನೂ ನನ್ನ ಹೊಟ್ಟೆಯೊಳಗೇ ಇತ್ತು.

ಕಾರನ್ನು ಮಾರಿಬಿಡು ಎಂದೆ, ಕೇಳಲಿಲ್ಲ. ಮೆಕ್ಯಾನಿಕ್‌ಗೆ ಕೊಡು ಎಂದೆ. "ಅವನು ತಂದಿಟ್ಟ ಕೆಲಸ, ಬೇರೆಯವ್ರ ಕೈ ಯಾಕೆ?" ಎಂದಳು. ಪುಸ್ತಕಾಲಯದಿಂದ ಆ ಕಾರಿನ ರಿಪೇರಿ ಪುಸ್ತಕ ತಂದು ಮೂರು ವಾರ ಓದಿದಳು. ಶಾಲೆ ಶುರುವಾದ ಮೇಲೂ ಊಟದ ಬಿಡುವಿನಲ್ಲಿ ಓದುತ್ತಿದ್ದಳು, ಪುಟಗಳ ಮೇಲೆ ಸಾರಿನ ಕಲೆ ಬಿತ್ತು.

ಆಗಸ್ಟಿನ ಕೊನೆಯ ಶನಿವಾರ ಬೆಳಿಗ್ಗೆ ಟಾರ್ಚ್ ಹಿಡಿಯಲು ನನ್ನನ್ನು ಕರೆದಳು. ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು, ಅಂಗಳದಲ್ಲಿ ಇಬ್ಬನಿ. ಲೆಂಪಿಯ ಮೈಮೇಲೆ ತೈಸ್ತೊನ ನೀಲಿ ಕೆಲಸದಂಗಿ, ತೋಳು ನಾಲ್ಕು ಮಡಿಕೆ ಮಡಚಿದ್ದಳು. ಮೊದಲು ಬ್ಯಾಟರಿಯ ಒಂದು ತಂತಿ ಬಿಚ್ಚಿದಳು. ಸೆನ್ಸರ್ ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕೂಡುವ ಕಡೆ, ಕಣ್ಣಿಗೆ ಕಾಣದ ಗೂಡಿನಲ್ಲಿ. ನನ್ನ ಪೌಡರ್ ಡಬ್ಬಿಯ ಕನ್ನಡಿ ಇಳಿಬಿಟ್ಟು ನೋಡಿದೆವು. ತುಕ್ಕು ಹಿಡಿದ ಒಂದೇ ಒಂದು ಬೋಲ್ಟು ಕಂಡಿತು.

"ನಿನ್ನೆ ಸಂಜೆಯಿಂದ ಮೂರು ಸಲ ಎಣ್ಣೆ ಬಿಟ್ಟಿದೀನಿ," ಎಂದಳು. "ಬರ್ಲಿಲ್ಲ ಅಂದ್ರೆ ಅದರಪ್ಪ ಬರಬೇಕು."

ಉದ್ದನೆಯ ಸರಳಿನ ತುದಿಗೆ ಹತ್ತನೇ ನಂಬರಿನ ಸಾಕೆಟ್ ಸಿಕ್ಕಿಸಿ, ತೋಳನ್ನು ಹೆಗಲವರೆಗೂ ಒಳಗೆ ತೂರಿಸಿದಳು. ಹಾಗೆ ಬಾಗಿದಾಗ ಅವಳ ಕೆನ್ನೆ ಕಾರಿನ ಮಡ್‌ಗಾರ್ಡಿಗೆ ಒತ್ತಿಕೊಂಡಿತು, ಮುಖ ಸರಿಯಾಗಿ ನನ್ನ ಕಡೆಗೆ. ಅವಳು ಅಲುಗುವ ಹಾಗಿರಲಿಲ್ಲ. ಟಾರ್ಚ್ ಹಿಡಿದ ನಾನೂ ಅಲುಗುವ ಹಾಗಿರಲಿಲ್ಲ.

ಬೋಲ್ಟು ಜಗ್ಗಲಿಲ್ಲ. ಉಸಿರು ಬಿಗಿಹಿಡಿದು ತಿರುಗಿಸುತ್ತ, ನನಗಲ್ಲ, ಕಾರಿಗೇ ಹೇಳುವ ಹಾಗೆ ಅವಳೆಂದಳು, "ಮೊಬೈಲ್ ಏಪ್ರನ್ ಜೇಬಲ್ಲಿ ಇಟ್ಕೊಂಡಿದ್ರೆ ಆಗಿತ್ತು. ಕೋಟಲ್ಲಿ ಬಿಟ್ಟೆ. ಯಾರ ಕಿವಿಗೂ ಬೀಳ್ಲಿಲ್ಲ."

"ನಂಗೆ ಕೇಳಿಸ್ತು," ಎಂದೆ.

ಅವಳ ಕೈ ನಿಂತಿತು.

"ಎರಡು ಸಲಾನೂ ಕೇಳಿಸ್ತು. ಏಪ್ರನ್ ತರೋಕೆ ಹೋಗಿದ್ದೆ. ಆಮೇಲೆ ಹೇಳೋಣ ಅಂತ ಬಿಟ್ಟೆ. ಒಲೆ ಮೇಲೆ ಪ್ಯಾನ್‌ಕೇಕ್ ಇತ್ತು."

ಲೆಂಪಿ ನನ್ನನ್ನೇ ನೋಡಿದಳು. ಕೆನ್ನೆ ತಗಡಿಗೆ ಒತ್ತಿದ್ದರಿಂದ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನನ್ನ ಕೈಯಲ್ಲಿದ್ದ ಬೆಳಕು ಕುಣಿಯತೊಡಗಿತು.

"ಬೆಳಕು ನೆಟ್ಟಗೆ ಹಿಡಿ," ಎಂದಳು.

ಹಿಡಿದೆ. ಮತ್ತೆ ಬೋಲ್ಟು ತಿರುಗಿಸುತ್ತ ಕೇಳಿದಳು, "ಎರಡನೇದು ಉದ್ದ ಇತ್ತಾ?"

"ಹೂಂ. ತುಂಬ ಹೊತ್ತು ಬಡ್ಕೊಳ್ತು."

"ಮೊದಲ್ನೇದು?"

"ಗಿಡ್ಡ."

"ಮೊದಲ್ನೇದು ಕಾರು ನಿಂತಿದೆ ಅಂತ ಹೇಳೋಕೆ ಇರ್ಬೇಕು," ಎಂದಳು. ಎರಡನೆಯದರ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ, "ಆಂಬುಲೆನ್ಸಿಗೆ ಫೋನ್ ಮಾಡೋ ಜಾತಿ ಅಲ್ಲ ಅವನು. ನೀನು ಮೊಬೈಲ್ ತಂದುಕೊಟ್ಟಿದ್ರೂ ನಾನೇನು ಹಾರ್ಕೊಂಡು ಹೋಗ್ತಿದ್ನಾ? ಕಾರು ಅವನ ಹತ್ರ ಇತ್ತು."

ಆ ಮಾತನ್ನು ಹಿಡಿದುಕೊಂಡು ನಾನು ದಡ ಸೇರಬಹುದಿತ್ತು. ಅವಳೇ ಕೈ ಚಾಚಿದ್ದಳು. ಆದರೆ ಒಂದು ವರ್ಷ ಸುಳ್ಳು ಹೊತ್ತವಳಿಗೆ ಇನ್ನೊಂದು ಹೊರುವ ಶಕ್ತಿ ಇರಲಿಲ್ಲ.

"ಶಾಲೆ ವ್ಯಾನ್ ಅಂಗಳದಲ್ಲೇ ನಿಂತಿತ್ತು, ಲೆಂಪಿ," ಎಂದೆ.

ಅವಳು ಕಣ್ಣು ಮುಚ್ಚಿದಳು. ಒಳಗೆ ಎಲ್ಲೋ ಕಟಕ್ ಎಂದಿತು. ಬೋಲ್ಟು ಸಡಿಲವಾಗಿತ್ತು.

ಸೆನ್ಸರ್ ಮಾತ್ರ ತನ್ನ ತೂತಿಗೆ ಅಂಟಿಕೊಂಡು ಕೂತಿತ್ತು. ಎಳೆದರೆ ಮುರಿದು ತಲೆ ಒಳಗೇ ಉಳಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಲೆಂಪಿ ಅದನ್ನು ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ತಿರುಗಿಸುತ್ತ ಕಾಲು ಗಂಟೆ ಕಳೆದಳು. ಮಗುವಿನ ಅಲುಗಾಡುವ ಹಲ್ಲನ್ನು ನೋಯದಂತೆ ಕೀಳುವ ಹಾಗೆ. ಕೊನೆಗೆ ಅದು ಹೊರಬಂತು. ತಂತಿಯ ಹೊದಿಕೆ ಬಿಸಿಗೆ ಬಿರಿದು ಒಣಗಿದ ತೊಗಟೆಯಂತಾಗಿತ್ತು. ತಲೆಗೆ ಕಪ್ಪು ಕಬ್ಬಿಣದ ಪುಡಿ ಮೆತ್ತಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಒಂದು ಆಲೂಗಡ್ಡೆಯಷ್ಟೂ ಭಾರ ಇಲ್ಲ," ಎಂದಳು.

ಕಡ್ಡಿಗೆ ಬಟ್ಟೆ ಸುತ್ತಿ ತೂತು ಒರೆಸಿದಳು. ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, ತಂತಿಯನ್ನು ಬಿಸಿಯೇರುವ ಕೊಳವೆಗೆ ತಾಗದಂತೆ ಹಳೆಯ ಕೊಂಡಿಗಳಲ್ಲೇ ಹಾಯಿಸಿದಳು. ಪ್ಲಗ್ಗು ಕಚ್ಚಿಕೊಂಡ ಸದ್ದು ನನಗೂ ಕೇಳಿಸಿತು. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ ಹಿಡಿದುಕೊಂಡಿತು.

"ಹತ್ತು," ಎಂದಳು.

ಗ್ರೀಸು ಹತ್ತಿದ ಕೈಯಲ್ಲೇ ಓಡಿಸಿದಳು. ಹೊಂಕವಾರದ ಏರು ಬಂತು. ಅವಳು ಬೇಕೆಂದೇ ಎಂಜಿನ್ ಅರಚುವ ಹಾಗೆ ಗೇರ್ ಇಳಿಸಿ ಹತ್ತಿಸಿದಳು. ಏರಿನ ಮೇಲೆ ಆ ಅಗಲ ಜಾಗ ಕಂಡಿತು. ಕಾರು ನಿಲ್ಲಲಿಲ್ಲ. ಆರು ಕಿಲೋಮೀಟರಿಗೆ ಆರು ನಿಮಿಷವೂ ಹಿಡಿಯಲಿಲ್ಲ, ಆಸ್ಪತ್ರೆಯ ಅಂಗಳಕ್ಕೆ ಹೋಗಿ ನಿಂತೆವು. ಲೆಂಪಿ ಕೈಗಡಿಯಾರ ನೋಡಿದಳು. ನಾನೂ ನೋಡಿದೆ. ಊರಿನ ಸಣ್ಣ ಆಸ್ಪತ್ರೆ, ವಾರದ ಐದೇ ದಿನ ತೆರೆಯುವುದು; ಶನಿವಾರವಾದ್ದರಿಂದ ಬಾಗಿಲು ಮುಚ್ಚಿತ್ತು. ಅವಳು ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತಳು. ಹೆಣದ ಮುಂದೆ ಅಳದವಳು, ಮಣ್ಣು ಮಾಡಿದ ದಿನ ಬಂದವರಿಗೆಲ್ಲ ತಾನೇ ಕಾಫಿ ಬಗ್ಗಿಸಿದವಳು, ಆ ಖಾಲಿ ಅಂಗಳದಲ್ಲಿ ಅತ್ತಳು. ನಾನು ಅವಳನ್ನು ಮುಟ್ಟಲಿಲ್ಲ. ಮುಟ್ಟುವ ಹಕ್ಕು ನನಗಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ವಾಪಸು ಬರುವಾಗ ನನ್ನನ್ನು ನನ್ನ ಮನೆಯ ತಿರುವಿನಲ್ಲಿ ಇಳಿಸಿದಳು. "ಟಾರ್ಚ್ ನಿಂದು, ಮರೀಬೇಡ," ಎಂದಷ್ಟೇ ಹೇಳಿದಳು.

ಆಮೇಲೆ ಏಳು ತಿಂಗಳು. ಅಡಿಗೆಮನೆಯಲ್ಲಿ ಉಪ್ಪು ಕೊಡು, ಪಾತ್ರೆ ಹಿಡಿ ಎಂಬಷ್ಟು ಮಾತು. ಬುಧವಾರ ಸಂಜೆ ನನ್ನ ಮನೆಯಲ್ಲಿ ಕಾಫಿ ಕುಡಿಯುವ ರೂಢಿ ಹದಿನೈದು ವರ್ಷದ್ದು, ಅದು ನಿಂತಿತು. ಕಾರು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಊರವರು ದೆವ್ವದ ಮಾತು ಮರೆತು ಬೇರೆಯವರ ಮನೆಯ ಸುದ್ದಿ ಹಿಡಿದರು. ಒಮ್ಮೆ ದಾರಿಯಲ್ಲಿ ಏಲಿಸ್ ಸಿಕ್ಕಾಗ ಹೇಳಿದ, ಲೆಂಪಿ ಈಗ ಕೆಟ್ಟು ನಿಲ್ಲುವುದಿಲ್ಲ, ತಾನಾಗಿಯೇ ಏರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ ಎಂದು. "ಕೇಳೋಕೆ ಹೋಗ್ಲಿಲ್ಲ ನಾನು," ಎಂದ.

ಮಾರ್ಚಿನಲ್ಲಿ, ಹಗಲ ಬಿಸಿಲಿಗೆ ಕರಗಿ ರಾತ್ರಿಯ ಚಳಿಗೆ ಹಿಮದ ಮೇಲ್ಪದರ ಗಟ್ಟಿಯಾಗಿದ್ದ ಒಂದು ಬುಧವಾರ, ಅವಳು ಕಾಲಿನಿಂದ ತಳ್ಳುವ ಜಾರುಬಂಡಿಯಲ್ಲಿ ನನ್ನ ಅಂಗಳಕ್ಕೆ ಬಂದಳು. ಬೂಟಿನ ಹಿಮ ಕೊಡವಿ ಒಳಗೆ ಬಂದು ಕೋಟು ಬಿಚ್ಚದೆ ನಿಂತಳು.

"ನಿನ್ನ ಮೇಲೆ ಸಿಟ್ಟಿದೆ," ಎಂದಳು. "ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಗೊತ್ತು," ಎಂದೆ.

"ಆದ್ರೆ ಒಬ್ಳೇ ಕಾಫಿ ಕುಡ್ದು ಕುಡ್ದು ಸಾಕಾಗ್ಹೋಯ್ತು. ನೀರಿಡು."

ಇಟ್ಟೆ. ಅವಳು ಕೋಟು ಬಿಚ್ಚಿ ಕೂತಳು, ಮೂರು ಸಕ್ಕರೆ ಗಟ್ಟಿ ಹಾಕಿಕೊಂಡಳು, ಮಂಡಿನೋವಿನ ಬಗ್ಗೆ ಮಾತಾಡಿದಳು, ಹೊಸದಾಗಿ ಬಂದ ಅಡಿಗೆಯವಳು ಈರುಳ್ಳಿ ಹೆಚ್ಚುವ ರೀತಿಯನ್ನು ಆಡಿಕೊಂಡಳು. ನಾನು ನಕ್ಕೆ. ಮುಂದಿನ ಬುಧವಾರವೂ ಬಂದಳು.

ಈಗ ಇಬ್ಬರೂ ಕೆಲಸದಿಂದ ನಿವೃತ್ತರಾಗಿದ್ದೇವೆ. ಬುಧವಾರ ತಪ್ಪಿಲ್ಲ. ಆ ದಿನದ ಮಾತು ನಮ್ಮಲ್ಲಿ ಬರುವುದಿಲ್ಲ. ಕೆಲವೊಮ್ಮೆ ಮಾತಿನ ನಡುವೆ ಅವಳು ಥಟ್ಟನೆ ಸುಮ್ಮನಾಗುತ್ತಾಳೆ, ಬಟ್ಟಲು ಬಾಯಿಗೂ ಮೇಜಿಗೂ ನಡುವೆ ಹಾಗೇ ನಿಂತಿರುತ್ತದೆ. ನಾನೂ ಸುಮ್ಮನಿರುತ್ತೇನೆ. ಒಲೆಯಲ್ಲಿ ಕಟ್ಟಿಗೆ ಒಂದೆರಡು ಸಲ ಸಿಡಿಯುತ್ತದೆ. ಆಮೇಲೆ ಅವಳು ಬಟ್ಟಲು ಕೆಳಗಿಟ್ಟು, ಎಲ್ಲಿಗೆ ಬಂದಿದ್ದೆವು ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ.